ಡಬ್ಬಿಯ ಪಕ್ಕದ ಬಾಣಂತಿ

ಕೋಳಿ ಕಂಡರೆ ಹಗ್ಗ ಹರಿದು ಓಡುವ ನಮ್ಮ ನಾಯಿ ರಾಜಾ, ಬಂಕಾಪುರದಾಚೆಯ ಪೊದೆಯೆದುರು ಕೆಸರಲ್ಲೇ ಹೊಟ್ಟೆಯೂರಿ ಮಲಗಿಬಿಟ್ಟ. ಮೊಬೈಲ್ ನಕ್ಷೆ ನೋಡಿ, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಆಟಕ್ಕೆಂದು ನಾವು ಗೆಳತಿಯರು ನಾಯಿಗಳೊಡನೆ ಎರೆಮಣ್ಣು ತುಳಿಯುತ್ತ ಬಂದಿದ್ದೆವು.

ಬಗ್ಗಿ ನೋಡಿದೆ. ಡಬ್ಬಿ ಅಲ್ಲೇ ಇತ್ತು. ಅದಕ್ಕೆ ಮೈ ತಾಗಿಸಿಕೊಂಡು ಹೆಣ್ಣು ನವಿಲೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಬೆನ್ನ ತುಂಬ ಮಳೆಹನಿ, ಕಣ್ಣು ಮಾತ್ರ ರಾಜಾನ ಮೇಲೆ. ಹಾರಲಿಲ್ಲ, ಕದಲಲೂ ಇಲ್ಲ.

ಡಬ್ಬಿಗೆ ಚಾಚಿದ ನನ್ನ ಕೈಯನ್ನು ಗೆಳತಿ ಶಬಾನಾ ಹಿಡಿದಳು. "ಬ್ಯಾಡವಾ, ಬಾಣಂತಿ ಅದಾಳ. ಹಿಂದಕ್ಕ ಸರಿ."

ನನಗಿಂತ ಮೊದಲು ರಾಜಾನೇ ಸದ್ದಿಲ್ಲದೆ ಹಿಂದೆ ಸರಿದ.

ಇನ್ನಾರೂ ಅಲ್ಲಿಗೆ ಬಾರದಿರಲೆಂದು, ಡಬ್ಬಿ ಸಿಗಲಿಲ್ಲವೆಂದೇ ಆಟದ ಆ್ಯಪಿನಲ್ಲಿ ಬರೆದೆವು. ಮರುದಿನ ರಾಜಾ ಎಂದಿನಂತೆ ಪಕ್ಕದ ಮನೆಯ ಕೋಳಿಯನ್ನು ಅಟ್ಟಿಸಿಕೊಂಡು ಓಡಿದ. ಆ ಪೊದೆಯೆದುರು ಅವನೇನು ಕಂಡನೋ, ನನಗಿನ್ನೂ ತಿಳಿದಿಲ್ಲ.