ಹೇಮಶ್ರೀ ಹಾಕಿಸಿದ ಪೈಪುಗಳು

ಹೇಮಶ್ರೀಯ ತಂದೆ ವೃಷಭೇಂದ್ರಪ್ಪ ಬನ್ನಿಮಂಟಪದ ಹತ್ತಿರ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಮದುವೆ, ಗಣೇಶನ ಪೆಂಡಾಲು, ಪುಣ್ಯತಿಥಿ, ಯಾವುದಾದರೂ ಸರಿ. ಸಮಾರಂಭ ಮುಗಿದ ಮೇಲೆ ಗಂಟುಗಂಟಾಗಿ ವಾಪಸು ಬರುತ್ತಿದ್ದ ವೈರುಗಳನ್ನು ಬಿಡಿಸಿ ಸುತ್ತಿಡುವುದು ಚಿಕ್ಕಂದಿನಲ್ಲಿ ಅವಳ ಕೆಲಸವಾಗಿತ್ತು. ಮುಂದೆ ಅವಳು ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿದ್ದು ಯಾರಿಗೂ ಆಶ್ಚರ್ಯವೆನಿಸಲಿಲ್ಲ. ಯುಪಿಎಸ್ ಜೋಡಿಸುವ ಒಂದು ಸಣ್ಣ ಕಂಪನಿಗೆ ಸೇರಿ, ಮದುವೆಯಾದ ಮೇಲೂ ಹೋಗುತ್ತಿದ್ದಳು. ಮಗಳು ಸಿಂಚನ ಹುಟ್ಟಿದ ಮೇಲೆ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಬಿಡಿಸಿದರು ಅನ್ನಬೇಕು. ಗಂಡ ನಿರಂಜನ್ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಸೂಪರ್‌ವೈಸರ್, ಅತ್ತೆ ಪ್ರೇಮಮ್ಮನಿಗೆ ಸಕ್ಕರೆ ಕಾಯಿಲೆ. ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಒಂದೇ ಉತ್ತರವಿತ್ತು.

ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಸಾಲ ಮಾಡಿ ಸ್ವಂತ ಮನೆಗೆ ಕೈ ಹಾಕಿದರು. ರಾಜೀವನಗರದ ಸೈಟನ್ನು ಮಾವ ಮರಿಯಯ್ಯ ಬದುಕಿದ್ದಾಗಲೇ ಕೊಂಡಿಟ್ಟಿದ್ದರು. ಮನೆಯ ಮುಂಭಾಗ ಹೇಗಿರಬೇಕು, ದೇವರ ಕೋಣೆಯ ಬಾಗಿಲಿಗೆ ಯಾವ ಮರ, ನೆಲಕ್ಕೆ ಯಾವ ಟೈಲ್ಸು, ಎಲ್ಲವನ್ನೂ ತಾಯಿ ಮಗ ಕೂತು ತೀರ್ಮಾನಿಸಿದರು. ಹೇಮಶ್ರೀ ಒಂದನ್ನು ಮಾತ್ರ ಕೇಳಿದಳು. ಎಲ್ಲ ಕೋಣೆಗೂ ಹಾಡು ಮತ್ತು ಟಿವಿ ತಲುಪುವ ಹಾಗೆ ಮೊದಲೇ ವೈರಿಂಗ್ ಮಾಡಿಸಬೇಕು ಅಂದಳು.

ನಿರಂಜನ್‌ಗೆ ಅದು ದುಂದು ಅನ್ನಿಸಿತು. ಅವಳು ತಾಳ್ಮೆಯಿಂದ ತಿಳಿಸಿ ಹೇಳಿದಳು. ಸೂರಿಗೆ ಮೋಲ್ಡ್ ಹಾಕುವ ಮೊದಲು ಕಂಬಿಯ ನಡುವೆ ಪೈಪ್ ಮಲಗಿಸಿದರೆ ಅಗ್ಗ. ಆಮೇಲಾದರೆ ಗೋಡೆ ಕೊರೆಯಬೇಕು, ಪ್ಲಾಸ್ಟರ್ ಮಾಡಬೇಕು, ಬಣ್ಣವೂ ಹೋಗುತ್ತದೆ. ಸ್ಪೀಕರುಗಳನ್ನೆಲ್ಲ ಈಗಲೇ ಕೊಳ್ಳಬೇಕಾಗಿಲ್ಲ. ಮೆಟ್ಟಿಲ ಕೆಳಗೆ ಒಂದು ಪೆಟ್ಟಿಗೆ ಇಟ್ಟು, ಅಲ್ಲಿಂದ ಒಂದೊಂದು ಕೋಣೆಗೂ ಒಂದೊಂದು ಪೈಪ್ ಎಳೆದರೆ ಸಾಕು. ಹಾಲ್‌ಗೂ ಅಡುಗೆಮನೆಗೂ ಈಗ ವೈರ್ ಹಾಕೋಣ. ಮಿಕ್ಕ ಪೈಪುಗಳಲ್ಲಿ ಬರೀ ಕಟ್ಟುಕಂಬಿ ತೂರಿಸಿಟ್ಟರೆ, ಕೈಯಲ್ಲಿ ಕಾಸು ಆಡಿದಾಗ ಅದರ ತುದಿಗೆ ವೈರ್ ಕಟ್ಟಿ ಎಳೆದುಕೊಳ್ಳಬಹುದು. ಆಂಪ್ಲಿಫೈಯರ್ ಅಪ್ಪನ ಮುಚ್ಚಿದ ಅಂಗಡಿಯದೇ ಇದೆ.

ಕೊನೆಗೆ ಅವನು ಒಪ್ಪಿದ. ಮೋಲ್ಡ್ ಹಾಕುವ ಹಿಂದಿನ ದಿನ ಹೇಮಶ್ರೀ ಸೆಂಟ್ರಿಂಗ್ ಹಲಗೆಗಳ ಮೇಲೆ ಹತ್ತಿ, ಎಲೆಕ್ಟ್ರಿಷಿಯನ್ ಸಾಗರ್ ಜತೆ ಬಿಸಿಲಲ್ಲಿ ನಿಂತಳು. ಕರೆಂಟಿನ ವೈರುಗಳ ಪಕ್ಕದಲ್ಲೇ ಇದನ್ನೂ ಒಯ್ದರೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ ಎಂದು ಎರಡು ಕಡೆ ಪೈಪನ್ನು ದೂರ ಸರಿಸಿ ಹಾಕಿಸಿದಳು. ಸೀರೆಗೆಲ್ಲ ಸಿಮೆಂಟ್ ಬಡಿದುಕೊಂಡು ಮನೆಗೆ ಬಂದ ಸೊಸೆಯನ್ನು ನೋಡಿ ಪ್ರೇಮಮ್ಮ, ಮೇಸ್ತ್ರಿಗೆ ಕೊಡುವ ಕೂಲಿ ಉಳಿಯಿತು ಅಂದರು. ಹೇಮಶ್ರೀ ನಕ್ಕಳು. ಆ ದಿನಗಳಲ್ಲಿ ಅವಳು ಇಂಥ ಮಾತಿಗೂ ನಗುತ್ತಿದ್ದಳು.

ಗೃಹಪ್ರವೇಶದ ಹೊತ್ತಿಗೆ ಕೈ ಬರಿದಾಯಿತು. ಹಾಲ್‌ನಲ್ಲಿ ಒಂದು ಜೊತೆ, ಅಡುಗೆಮನೆಯಲ್ಲಿ ಒಂದು, ಇಷ್ಟೇ ಸ್ಪೀಕರು. ಉಳಿದ ಕೋಣೆಗಳಲ್ಲಿ ಸೂರಿನ ಹತ್ತಿರ ಬಿಳಿ ಮುಚ್ಚಳಗಳಿದ್ದವು. ಆದರೂ ಬೆಳಗ್ಗೆ ಎದ್ದು ಮೆಟ್ಟಿಲ ಕೆಳಗಿನ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಹಾಡು ಶುರುವಾಗುತ್ತಿತ್ತು. ಹೇಮಶ್ರೀ ಒಗ್ಗರಣೆ ಹಾಕುತ್ತ ತಾನೂ ಹಾಡಿಕೊಳ್ಳುತ್ತಿದ್ದಳು. ಸಿಂಚನ ಚಪಾತಿ ಹಿಟ್ಟಿನ ಉಂಡೆ ಹಿಡಿದು ಕುಣಿಯುತ್ತಿದ್ದಳು. ನಿರಂಜನ್ ಸ್ನೇಹಿತರು ಬಂದಾಗ ಆ ಪೆಟ್ಟಿಗೆಯ ಬಾಗಿಲು ತೆಗೆದು ತೋರಿಸಿ, ಹೇಗೆ ಪ್ಲಾನ್ ಮಾಡಿಸಿದೀನಿ ನೋಡಿ ಅನ್ನುತ್ತಿದ್ದ. ಅವಳು ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಇರುತ್ತಿದ್ದಳು.

ಒಂದು ಬೆಳಗ್ಗೆ ಪ್ರೇಮಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗದಲ್ಲಿ ಜಾರಿಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಏಳಲಾಗಲಿಲ್ಲ. ಸೊಸೆಯನ್ನು ಕೂಗಿದರು. ಒಳಗೆ ಹಾಡು ಹಾಕಿತ್ತು, ಮಿಕ್ಸಿಯೂ ತಿರುಗುತ್ತಿತ್ತು, ಹೇಮಶ್ರೀಗೆ ಕೇಳಿಸಲಿಲ್ಲ. ಪಕ್ಕದ ಮನೆಯ ಚಲುವಮ್ಮ ಕಾಂಪೌಂಡಿನಿಂದ ಇಣುಕಿ ನೋಡಿ, ಓಡಿಬಂದು ಬಾಗಿಲು ಬಡಿದ ಮೇಲೆ ಗೊತ್ತಾದದ್ದು.

ಮೂಳೆ ಮುರಿದಿರಲಿಲ್ಲ, ಬಿರುಕು ಬಿಟ್ಟಿತ್ತು ಅಷ್ಟೆ. ಆದರೆ ಆಸ್ಪತ್ರೆಗೆ ಬಂದವರಿಗೆಲ್ಲ ಪ್ರೇಮಮ್ಮ ಹೇಳಿದ್ದು ಒಂದೇ ಮಾತು. ನಾನು ಬಿದ್ದು ಒದ್ದಾಡ್ತಿದ್ರೆ ಒಳಗೆ ಇವಳು ಹಾಡು ಕೇಳ್ತಿದ್ಲು. ಅದು ಸುಳ್ಳಲ್ಲ ಎಂದು ಹೇಮಶ್ರೀಗೂ ಗೊತ್ತಿತ್ತು. ನಿರಂಜನ್ ಬೈಯಲಿಲ್ಲ. ಮನೆಗೆ ಬಂದವನೇ ಆಂಪ್ಲಿಫೈಯರಿನ ಪ್ಲಗ್ ಕಿತ್ತು, ಅದನ್ನು ಅಟ್ಟಕ್ಕೆ ಹಾಕಿದ.

ಮುಂದಿನ ವಾರ ಸಾಗರ್ ಬಂದ, ಕ್ಯಾಮೆರಾಗಳ ಡಬ್ಬ ಹಿಡಿದುಕೊಂಡು. ಅಮ್ಮನ ಕೋಣೆಗೆ, ಹಾಲ್‌ಗೆ, ಅಡುಗೆಮನೆಗೆ, ಹಿತ್ತಲಿಗೆ. ಅಮ್ಮ ಮತ್ತೆ ಬಿದ್ದರೆ ಫ್ಯಾಕ್ಟರಿಯಿಂದಲೇ ತಿಳಿಯಲಿ ಎಂದು ನಿರಂಜನ್ ಅಂದಾಗ ಹೇಮಶ್ರೀಯೂ ಬೇಡ ಅನ್ನಲಿಲ್ಲ. ಆ ತಪ್ಪಿನ ಭಾರ ಅವಳ ಮೇಲಿತ್ತು. ಸಾಗರ್ ಹಾಲ್‌, ಅಡುಗೆಮನೆಗಳಲ್ಲಿ ಸ್ಪೀಕರಿನ ಹಳೆ ವೈರಿಗೆ, ಉಳಿದ ಕಡೆ ಬಿಳಿ ಮುಚ್ಚಳ ಬಿಚ್ಚಿ ಕಟ್ಟುಕಂಬಿಗೆ ಕೇಬಲ್ ಬಿಗಿದು ಎಳೆದ. ಎಲ್ಲೂ ತಡೆಯದೆ ಸರಸರ ಬಂತು. ಬೇರೆ ಮನೆಯಾಗಿದ್ದರೆ ಎರಡು ದಿನ ಆಗೋದು, ನಿಮ್ಮಲ್ಲಿ ಮಧ್ಯಾಹ್ನಕ್ಕೇ ಮುಗೀತು ಅಕ್ಕ, ಎಲ್ಲಾ ನಿಮ್ಮ ಪುಣ್ಯ ಎಂದು ಅವನು ಮೆಚ್ಚಿಕೊಂಡು ಹೋದ.

ಆ ಕ್ಯಾಮೆರಾಗಳೊಳಗೆ ಪುಟ್ಟ ಮೈಕೂ ಪುಟ್ಟ ಸ್ಪೀಕರೂ ಇದ್ದವು. ಅದು ಅವಳಿಗೆ ಗೊತ್ತಾದದ್ದು ಎರಡು ದಿನ ಬಿಟ್ಟು, ತರಕಾರಿ ಹೆಚ್ಚುತ್ತಿದ್ದಾಗ.

"ಹೇಮಾ, ಅಮ್ಮಂಗೆ ಮಾತ್ರೆ ಕೊಟ್ಯಾ?"

ತಲೆಯ ಮೇಲಿನಿಂದ ಬಂದ ಗಂಡನ ದನಿಗೆ ಬೆಚ್ಚಿ ಅವಳು ಬೆರಳು ಕುಯ್ದುಕೊಂಡಳು. ನಿರಂಜನ್ ಅದನ್ನೂ ನೋಡಿದ. ನೋಡ್ಕೊಂಡು ಹೆಚ್ಚು ಅಂದ.

ಫ್ಯಾಕ್ಟರಿಯಲ್ಲಿ ಅವನ ಕೆಲಸವೇ ಪರದೆಗಳ ಮುಂದೆ ಕೂತು ಯಾವ ಮೆಷಿನ್ ಹತ್ತಿರ ಯಾರು ಇಲ್ಲ ಎಂದು ನೋಡುವುದು. ಈಗ ಫೋನಿನಲ್ಲಿ ಮನೆಯೂ ಸೇರಿತು. ಮೊದಲು ಅಮ್ಮನ ವಿಷಯಕ್ಕಷ್ಟೇ ಮಾತಾಡುತ್ತಿದ್ದ. ಆಮೇಲೆ ಹಾಲು ಉಕ್ಕುತ್ತಿದೆ ಎಂದ. ಆಮೇಲೆ, ಇಷ್ಟು ಹೊತ್ತು ಯಾರ ಜೊತೆ ಫೋನು ಎಂದ. ಮಧ್ಯಾಹ್ನ ಅವಳು ಸೋಫಾ ಮೇಲೆ ಸ್ವಲ್ಪ ಅಡ್ಡಾದರೆ, ಮೈ ಹುಷಾರಿಲ್ವಾ ಎಂದು ಕೇಳುತ್ತಿದ್ದ. ಆ ಪ್ರಶ್ನೆಯಲ್ಲಿ ಕಾಳಜಿ ಎಷ್ಟು, ಲೆಕ್ಕ ಎಷ್ಟು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ಅಡ್ಡಾಗುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಹಾಡಿಕೊಳ್ಳುವುದು ಅದಕ್ಕಿಂತ ಮೊದಲೇ ನಿಂತಿತ್ತು.

ಪ್ರೇಮಮ್ಮ ಚೇತರಿಸಿಕೊಂಡು ಓಡಾಡತೊಡಗಿದರು. ಕ್ಯಾಮೆರಾಗಳು ಮಾತ್ರ ಉಳಿದವು. ಮಗ ತನ್ನನ್ನು ಅಷ್ಟು ದೂರದಿಂದ ನೋಡಿಕೊಳ್ಳುತ್ತಾನೆ ಎಂದು ಅವರಿಗೆ ಮೊದಮೊದಲು ಹೆಮ್ಮೆ. ಕ್ಯಾಮೆರಾದ ಕಡೆ ಮುಖ ಮಾಡಿ, ಊಟ ಆಯ್ತೇನಪ್ಪಾ ಅನ್ನುತ್ತಿದ್ದರು. ಒಂದು ದಿನ ಚಲುವಮ್ಮ ತಮ್ಮ ಮನೆಯ ಒಬ್ಬಟ್ಟು ತಂದುಕೊಟ್ಟು ಹಾಲ್‌ನಲ್ಲಿ ಕೂತಿದ್ದರು. ಪ್ರೇಮಮ್ಮ ಒಂದು ತುಂಡು ಮುರಿದು ಬಾಯಿಗೆ ಇಟ್ಟುಕೊಳ್ಳುವಷ್ಟರಲ್ಲಿ ಮಗನ ದನಿ ಬಂತು.

"ಅಮ್ಮಾ, ತಟ್ಟೆ ಕೆಳಗಿಡು. ಶುಗರ್ ಎಷ್ಟಿದೆ ಅಂತ ಗೊತ್ತಲ್ಲ ನಿಂಗೆ?"

ಚಲುವಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆಮೇಲೆ ಅವರು ಆ ಮನೆಯೊಳಗೆ ಕಾಲಿಡಲಿಲ್ಲ. ಪ್ರೇಮಮ್ಮ ಮುರಿದ ತುಂಡನ್ನು ತಟ್ಟೆಗೆ ವಾಪಸು ಹಾಕಿ ಬಚ್ಚಲ ಕಡೆ ಎದ್ದು ಹೋದರು.

ಈಗಲಾದರೂ ಅತ್ತೆ ತನ್ನ ಪರ ಬರಬಹುದು ಎಂದುಕೊಂಡ ಹೇಮಶ್ರೀ, ಅವರು ಬಚ್ಚಲ ಬಳಿ ಕೈ ತೊಳೆಯುತ್ತಿದ್ದಾಗ ಮೆಲ್ಲಗೆ ಮಾತು ತೆಗೆದಳು. ನೀವು ಹೇಳಿದರೆ ಅವರು ತೆಗೆಸುತ್ತಾರೆ, ಹಿತ್ತಲಿನದೊಂದು ಇರಲಿ ಸಾಕು ಎಂದಳು. ಪ್ರೇಮಮ್ಮ ಅವಳ ಮುಖವನ್ನೇ ನೋಡಲಿಲ್ಲ.

"ಆ ಪೈಪುಗಳ್ನ ನಾನಾ ಹಾಕ್ಸಿದ್ದು? ನೀನು ಬಿಸಿಲಲ್ಲಿ ನಿಂತು ಹಾಕ್ಸಿದೆ. ಅನುಭವಿಸು."

ಮಾರನೆಯ ದಿನ ಹೇಮಶ್ರೀ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆಗೆದು, ಅಡುಗೆಮನೆಯ ಕೇಬಲ್ ಕಿತ್ತಳು. ಯಾವುದು ಯಾವ ಕೋಣೆಯದೆಂದು ಅವಳೇ ಹಿಂದೆ ಚೀಟಿ ಅಂಟಿಸಿದ್ದಳು, ಹುಡುಕಬೇಕಾಗಲಿಲ್ಲ. ಆವತ್ತು ಅವಳ ಕೈಯಿಂದ ಸಾರು ಕೆಟ್ಟಿತು, ಯಾರೂ ನೋಡಲಿಲ್ಲ. ಸಂಜೆ ನಿರಂಜನ್ ಬಂದು, ಕೈಕಾಲು ತೊಳೆದು, ಕೇಬಲನ್ನು ಮತ್ತೆ ಸಿಕ್ಕಿಸಿ ಪೆಟ್ಟಿಗೆಗೆ ಬೀಗ ಹಾಕಿದ. ಅವಳು ಬಾಗಿಲ ಬಳಿ ನಿಂತಿದ್ದಳು.

"ರೀ, ನಂಗೆ ಉಸಿರು ಕಟ್ದಂಗೆ ಆಗುತ್ತೆ. ಅಡುಗೆಮನೇದೊಂದು ತೆಗೆಸ್ಬಿಡಿ."

"ಮುಚ್ಚಿಡೋ ಅಂಥದ್ದು ಏನಿದೆ ನಿಂಗೆ?" ಅವನು ಕೇಳಿದ್ದು ಸಹಜವಾಗಿಯೇ. ಮೆಷಿನ್ ಯಾಕೆ ನಿಂತಿತು ಎಂದು ಕೇಳುವ ಹಾಗೆ.

ಅವಳು ಸಿಂಚನಳನ್ನು ಕರೆದುಕೊಂಡು ಬನ್ನಿಮಂಟಪಕ್ಕೆ, ಅಪ್ಪನ ಮನೆಗೆ ಹೋದಳು. ಅಂಗಡಿ ಮುಚ್ಚಿ ಆಗಲೇ ವರ್ಷಗಳಾಗಿದ್ದವು, ವೃಷಭೇಂದ್ರಪ್ಪನವರ ಕಿವಿಯೂ ಮಂದವಾಗಿತ್ತು. ಅವರ ಕಿವಿಗೆ ಬೀಳುವಂತೆ ಅವಳು ತನ್ನ ಕಷ್ಟವನ್ನು ಗಟ್ಟಿಯಾಗಿ ಹೇಳಬೇಕಾಯಿತು, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ. ಹೊಡೆತವಿಲ್ಲ, ಬೈಗುಳವಿಲ್ಲ, ಕುಡಿತವಿಲ್ಲ. ಗಟ್ಟಿಯಾಗಿ ಹೇಳುವಾಗ ಅದು ಅವಳಿಗೇ ಸಣ್ಣದಾಗಿ ಕೇಳಿಸಿತು. ಅಪ್ಪ ಎಲ್ಲ ಕೇಳಿ, ಅವಳ ತಲೆ ಸವರಿದರು.

"ಈಗ ಎಲ್ಲರ ಮನೇಲೂ ಕ್ಯಾಮೆರಾ ಐತೆ ಕಣಮ್ಮ. ತಪ್ಪು ಮಾಡ್ದೋರು ತಾನೆ ಹೆದರಬೇಕು? ನಿಂಗೇನು?"

ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಂಬಕ್ಕೆ ಮೈಕ್ ಕಟ್ಟಿಸಿದ್ದ ಅಪ್ಪ ಇವರೇನಾ ಎಂದು ಅವಳು ನೋಡುತ್ತ ಕೂತಳು. ಸೋಮವಾರ ಮಗಳಿಗೆ ಪರೀಕ್ಷೆಯಿತ್ತು. ಭಾನುವಾರ ಸಂಜೆ ವಾಪಸು ಬಂದಳು. ಬಾಗಿಲು ತೆಗೆದ ನಿರಂಜನ್, ಆಟೋದಿಂದ ಇಳೀವಾಗಲೇ ನೋಡಿದೆ ಅಂದ. ಅವಳಿಲ್ಲದಾಗ ಗೇಟಿಗೂ ಒಂದು ಹಾಕಿಸಿದ್ದ.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಸಿಂಚನಳಿಗೆ ಏನಾದರೂ ಹೇಳಬೇಕೆನಿಸಿದರೆ ಅಮ್ಮನ ಕೈ ಹಿಡಿದು ತಾರಸಿಗೆ ಎಳೆದೊಯ್ಯುತ್ತಿದ್ದಳು. ಶಾಲೆಯಲ್ಲಿ ಯಾರು ತಳ್ಳಿದರು, ಯಾರ ಜೊತೆ ಟೂ ಬಿಟ್ಟಳು, ಎಲ್ಲ ಅಲ್ಲೇ, ನೀರಿನ ಟ್ಯಾಂಕಿನ ಮರೆಯಲ್ಲಿ. ಕೆಲವು ಸಲ ಪ್ರೇಮಮ್ಮನೂ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, ಸೊಸೆಗೆ ಬೆನ್ನು ಮಾಡಿ ಕೂತು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೆಲ್ಲದ ಚೂರು ತಿನ್ನುತ್ತಿದ್ದರು. ಬೆಲ್ಲ ತಿನ್ನಬೇಡಿ ಅನ್ನಬೇಕೆಂದು ಹೇಮಶ್ರೀಗೆ ಅನ್ನಿಸುತ್ತಿತ್ತು, ಅನ್ನುತ್ತಿರಲಿಲ್ಲ.

ಒಂದು ಸಂಜೆ ಅವರು ಮೂವರೂ ಹಾಗೆ ಮೇಲಿದ್ದಾಗ ಅವಳಿಗೆ ಫೋನು ಬಂತು. ಮನೇಲಿ ಯಾರೂ ಕಾಣ್ತಿಲ್ಲ, ಎಲ್ಲಿದೀರಾ ಎಂದು ನಿರಂಜನ್ ಕೇಳಿದ. ತಾರಸಿಯಲ್ಲಿ ಅಂದಳು. ಅಲ್ಲಿಗೆ ಪೈಪ್ ಹಾಕ್ಸಿದೀಯಾ ಎಂದು ಕೇಳಿದ. ಇಲ್ಲ ಅಂದಳು. ಅದು ನಿಜವೇ. ತಾರಸಿಗೆ ಪೈಪ್ ಎಳೆಸುವಷ್ಟು ದುಡ್ಡು ಆಗ ಇರಲಿಲ್ಲ. ಪರವಾಗಿಲ್ಲ, ಹೊರಗಡೆಯಿಂದ ಎಳೆಸೋಣ ಬಿಡು ಅಂದ ಅವನು. ಆ ಭಾನುವಾರ ಸಾಗರ್ ಬಂದು ಹೊರಗೋಡೆಯ ಮೇಲೆ ಕ್ಲಾಂಪ್ ಹೊಡೆದುಕೊಂಡು ಕೇಬಲ್ ಹತ್ತಿಸಿದ. ಹೇಮಶ್ರೀ ಅವನಿಗೆ ಕಾಫಿ ಮಾಡಿಕೊಟ್ಟಳು.

ಈಗ ಅವಳು ಸರಸ್ವತಿಪುರಂನಲ್ಲಿ ಯುಪಿಎಸ್ ರಿಪೇರಿ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಸಂಬಳ ಕಡಿಮೆ. ಮನೆ ಸಾಲದ ಕಂತಿಗೆ ಆಗುತ್ತೆ ಎಂದದ್ದಕ್ಕೆ ನಿರಂಜನ್ ಅಡ್ಡಿ ಮಾಡಲಿಲ್ಲ. ಸಿಂಚನ ಶಾಲೆ ಬಿಟ್ಟ ಮೇಲೆ ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಕೂತು ಓದಿಕೊಳ್ಳುತ್ತಾಳೆ. ಪ್ರೇಮಮ್ಮ ತಿಂಡಿ ಮುಗಿಸಿ ಚಲುವಮ್ಮನ ಮನೆಯ ಜಗುಲಿಗೆ ಹೋದರೆ ಮತ್ತೆ ಬರುವುದು ಊಟದ ಹೊತ್ತಿಗೆ. ನಂಜನಗೂಡಿನಲ್ಲಿ ನಿರಂಜನ್ ಫೋನ್ ತೆರೆದಾಗಲೆಲ್ಲ ಹಾಲ್‌ನ ಸೋಫಾ, ಅಡುಗೆಮನೆಯ ಒಲೆ, ಒಣಹಾಕಿದ ಬಟ್ಟೆ ಕಾಣುತ್ತವೆ. ಒಂದು ರಾತ್ರಿ ಊಟಕ್ಕೆ ಕೂತಾಗ, ಹಗಲೆಲ್ಲ ಮನೆ ಬಿಕೋ ಅನ್ನುತ್ತೆ ಕಣೇ, ಕೆಲಸ ಬಿಟ್ಟುಬಿಡಬಾರದಾ ಎಂದು ಅವನು ಕೇಳಿದ. ಹೇಮಶ್ರೀ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, ಮಗಳ ಲೋಟಕ್ಕೆ ನೀರು ಹಾಕಿದಳು.