ಶಂಭಣ್ಣನ ಗನ್ ಪರೀಕ್ಷೆ

ಬಣ್ಣದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಆಟದ ಸಾಮಾನು ಮಾರುವ ಘಣಸೋಲಿಯ ಅಂಗಡಿಯ ಶಂಭಣ್ಣ, ಹೊಸಬರಿಗೆ ಪ್ರತಿ ಗುಂಡಿಗೂ ಕೈಯಿಂದ ಪಂಪ್ ಎಳೆಯಬೇಕಾದ ಗನ್ ಆರಿಸಿಕೊಡುವುದನ್ನು ಕಂಡರೆ ನಾಡಿ ನೋಡುವ ವೈದ್ಯರೂ ನಾಚಬೇಕು. ಅಗ್ಗದ ಎರಡು ಗನ್‌ಗಳನ್ನು ಒಂದೊಂದಾಗಿ ದವಡೆಗೆ ಒತ್ತಿ, ಕಣ್ಣು ಮುಚ್ಚಿ, ಪಂಪನ್ನು ಮೆಲ್ಲಗೆ ಹಿಂದೆಮುಂದೆ ಎಳೆಯುತ್ತಾರೆ. ಆಗ ಯಾರೇ ಏನೇ ಕೇಳಿದರೂ ಉತ್ತರವಿಲ್ಲ. ತಪೋಭಂಗವಾದೀತೆಂದು ಗಿರಾಕಿಗಳೇ ಪಿಸುಮಾತಿಗಿಳಿಯುತ್ತಾರೆ. ಕೊನೆಗೆ, "ಇದು ಬೇಡ ಮಗಾ, ಒಳಗೆ ಉಜ್ಜುತ್ತದೆ. ಅದು ತಕ್ಕೊ, ಸ್ಮೂತ್ ಉಂಟು" ಎಂದರೆ ಮುಗಿಯಿತು, ಆ ತೀರ್ಪು ಸುಳ್ಳಾದದ್ದನ್ನು ನವಿ ಮುಂಬಯಿಯಲ್ಲಿ ಕಂಡವರಿಲ್ಲ. ಮೊದಲ ಗನ್ ಕೊಳ್ಳಲು ಬಂದ ಪ್ರಕೃತಿ ಬೆರಗಾಗಿ, "ಸದ್ದಿನಲ್ಲೇ ಗೊತ್ತಾಗುತ್ತಾ ಅಂಕಲ್?" ಎಂದು ಬೆನ್ನ ಹಿಂದಿನಿಂದ ಕೇಳಿದಳು. ಅವರು ತಿರುಗಲಿಲ್ಲ. ಎದುರಿಗೆ ಬಂದು ಮತ್ತೆ ಕೇಳಿದಾಗ ಅವಳ ತುಟಿಗಳನ್ನೇ ನೋಡುತ್ತ ನಕ್ಕರು. "ಸದ್ದಾ? ಭಿವಂಡಿಯಲ್ಲಿ ಇಪ್ಪತ್ತು ವರ್ಷ ಪವರ್‌ಲೂಮ್ ರಿಪೇರಿ ಮಾಡಿದವ ನಾನು. ಆ ಮಗ್ಗಗಳ ಗದ್ದಲಕ್ಕೆ ಕಿವಿ ಅಲ್ಲೇ ಹೋಯಿತು. ಈಗ ನನಗೆ ಕೇಳುವುದು ಈ ದವಡೆಯ ಎಲುಬಿಗೆ."