ನಾಲ್ಕನೆಯ ಹೆಸರು

ಗಾಲ್ಫ್ ಕ್ಲಬ್ಬಿನ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರಿಗೂ ಅವನು ಪೆನ್ಸಿಲಪ್ಪ. ಸದಸ್ಯರ ಆಟದ ಚೀಟಿಗಳನ್ನು ನೋಡಿ, ಯಾರ ಹ್ಯಾಂಡಿಕ್ಯಾಪ್ ಎಷ್ಟೆಂದು ಬರೆದು ಸಹಿ ಹಾಕುವುದು ಇಪ್ಪತ್ತೆರಡು ವರ್ಷಗಳಿಂದ ಅವನ ಕೆಲಸ. ಆಟ ಪಳಗಿದಷ್ಟೂ ಆ ಅಂಕಿ ಚಿಕ್ಕದಾಗುತ್ತದೆ. ಕೈ ಕಚ್ಚಾ ಇದ್ದಷ್ಟೂ ದೊಡ್ಡದು. ಅಧ್ಯಕ್ಷರೇ ಬಂದು ಗದರಿದರೂ ಪೆನ್ಸಿಲಪ್ಪ ಒಂದಂಕಿ ಆಚೀಚೆ ಮಾಡಿದವನಲ್ಲ.

ಕ್ಲಬ್ಬಿನ ಸದಸ್ಯರಾದ ಡಾಕ್ಟರು, ಕಂಟ್ರಾಕ್ಟರು, ವಕೀಲರು ಇನ್ನೊಬ್ಬ ಗೆಳೆಯರ ಜೊತೆ ವರ್ಷಕ್ಕೊಮ್ಮೆ ಬಿಸಿನೀರಿನ ಬುಗ್ಗೆಗಳ ಬೆಟ್ಟಸೀಮೆಗೆ ಗಾಲ್ಫ್ ಆಡಲು ಹೋಗುತ್ತಿದ್ದರು. ಹಿಂದೆ ರಾಜರು ಮೈನೋವು ಕಳೆಯಲು ಬರುತ್ತಿದ್ದ ಜಾಗವದು. ಕೊಠಡಿ, ಕಾರು, ಆಟದ ಹೊತ್ತು ಎಲ್ಲವನ್ನೂ ಗೊತ್ತುಮಾಡುತ್ತಿದ್ದವನು ಪೆನ್ಸಿಲಪ್ಪನೇ. ಆ ಹಳೆಯ ಮೈದಾನದ ನಕ್ಷೆಯನ್ನು ಅವನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದ. ಹನ್ನೊಂದನೆಯ ಕುಳಿಯ ಮುಂದೆ ಅರ್ಧ ಬಿದ್ದ ಕಲ್ಲುಗೋಡೆಯಿದೆ, ಅಲ್ಲಿ ಗಾಳಿ ಎಡಕ್ಕೆ ಎಳೆಯುತ್ತದೆ ಎಂಬುದೆಲ್ಲ ಕಂಠಪಾಠ. ಒಮ್ಮೆಯೂ ಹೋಗಿರಲಿಲ್ಲ, ಅಷ್ಟೆ.

ಆ ವರ್ಷ ನಾಲ್ಕನೆಯವರ ಮಂಡಿ ಕೈಕೊಟ್ಟಿತು. ಡಾಕ್ಟರು, "ನೀನೇ ಬಾರಯ್ಯ, ಪೆನ್ಸಿಲಪ್ಪ. ಎಲ್ಲರನ್ನೂ ಕಳಿಸಿ ನೀನು ಮಾತ್ರ ಇಲ್ಲೇ ಕೂತಿರ್ತೀಯ," ಎಂದರು.

"ಬರ್ಲಿ ಬಿಡಿ, ದಾರೀಲಿ ನಗೋಕೆ ಒಬ್ಬ ಬೇಕಲ್ಲ," ಎಂದರು ಕಂಟ್ರಾಕ್ಟರು.

ಪೆನ್ಸಿಲಪ್ಪನೂ ನಕ್ಕ. ಅವನ ಕಿವಿಗೆ ಬಿದ್ದದ್ದು 'ಬಾ' ಎಂಬುದೊಂದೇ.

ಅಡ್ಡಿಯೊಂದಿತ್ತು. ನಾಲ್ವರ ಹೆಸರನ್ನೂ ಹ್ಯಾಂಡಿಕ್ಯಾಪ್ ಚೀಟಿಯನ್ನೂ ಒಯ್ಯಬೇಕು, ಇಪ್ಪತ್ತನಾಲ್ಕು ಮೀರಿದವರಿಗೆ ಪ್ರವೇಶವಿಲ್ಲ ಎಂಬುದು ಆ ಮೈದಾನದ ನಿಯಮ. ಇವನದು ಇಪ್ಪತ್ತೇಳು.

"ಇಪ್ಪತ್ತನಾಲ್ಕು ಅಂತ ಬರ್ಕೊಳ್ಳಯ್ಯ. ಪೆನ್ಸಿಲ್ಲೂ ನಿಂದೇ, ರಬ್ಬರೂ ನಿಂದೇ," ಎಂದು ವಕೀಲರು ಕಣ್ಣು ಮಿಟುಕಿಸಿದರು.

"ಅದೊಂದು ಆಗಲ್ಲ ಸಾರ್. ಆಡಿಯೇ ಇಳಿಸ್ತೀನಿ."

ನೌಕರರಿಗೆ ಆಡಲು ಬಿಡುತ್ತಿದ್ದುದು ರಜೆಯ ಸೋಮವಾರ ಮಾತ್ರ. ನಾಲ್ಕು ತಿಂಗಳು ಅವನು ಒಂದು ಸೋಮವಾರವನ್ನೂ ಬಿಡಲಿಲ್ಲ. ಚೀಟಿಗೆ ಸಾಕ್ಷಿ ಸಹಿ ಹಾಕಲು ಹುಲ್ಲು ಕತ್ತರಿಸುವವನು ಜೊತೆಗಿರುತ್ತಿದ್ದ. ಒಮ್ಮೆ ಚೆಂಡಿನ ಪಕ್ಕದ ಎಲೆ ತೆಗೆಯುವಾಗ ಚೆಂಡು ಕೂದಲೆಳೆಯಷ್ಟು ಸರಿಯಿತು. ಪೆನ್ಸಿಲಪ್ಪ ತಾನೇ ಒಂದು ಹೊಡೆತ ದಂಡ ಹಾಕಿಕೊಂಡ.

"ನಾನು ನೋಡ್ಲಿಲ್ಲ ಕಣಣ್ಣ," ಎಂದ ಹುಲ್ಲಿನವನು.

"ನಾನು ನೋಡಿದ್ನಲ್ಲಪ್ಪ."

ಅಂಗೈ ಬೊಬ್ಬೆ ಎದ್ದಿತು. ಹೆಂಡತಿ ಎಣ್ಣೆ ಸವರುತ್ತ, "ಹುಲ್ಲಿಗೆ ಹೊಡೆಯೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಹಿತ್ತಲಲ್ಲೇ ಮೊಳಕಾಲುದ್ದ ಬೆಳೆದಿದೆ," ಎಂದು ಛೇಡಿಸಿದಳು. ಆದರೂ ಅವನ ಬಿಳಿ ಅಂಗಿಗೆ ಹೊಸ ಗುಂಡಿ ಹೊಲಿದಿಟ್ಟಳು. ಹೊರಡಲು ವಾರವಿರುವಾಗ ಅಂಕಿ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಅಂದು ಮನೆಯಲ್ಲಿ ಎರಡೆರಡು ಸಲ ಅದನ್ನೇ ಹೇಳಿದ.

ಮರುದಿನ ಕಂಟ್ರಾಕ್ಟರು ಅವನ ಮೇಜಿಗೆ ಒರಗಿ ನಿಂತರು. "ನಮ್ಮ ಬಾಮೈದ ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾನಪ್ಪ. ಮನೆಯವಳ ತಮ್ಮ, ಇಲ್ಲ ಅಂದ್ರೆ ನನಗೆ ಮನೇಲಿ ಉಳಿಗಾಲ ಉಂಟಾ? ನಿನ್ನ ಹೆಸರು ತೆಗೆದು ಅವನದು ಹಾಕ್ಬಿಡು."

ಪೆನ್ಸಿಲಪ್ಪ ಅಲ್ಲೇ ಕೂತಿದ್ದ ಡಾಕ್ಟರ ಕಡೆ ನೋಡಿದ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ನೀನೇನು ಬೇಜಾರು ಮಾಡ್ಕೊಳ್ಳೋ ಪೈಕಿ ಅಲ್ಲ, ಬಿಡು," ಎಂದರು.

"ಅವರದು ಮೂವತ್ತೊಂದಿದೆ ಸಾರ್. ಒಳಗೆ ಬಿಡಲ್ಲ."

"ನಾವು ನೋಡ್ಕೋತೀವಿ. ನೀನು ಟೈಪ್ ಮಾಡು," ಎಂದರು ಕಂಟ್ರಾಕ್ಟರು.

ನಾಲ್ಕನೆಯ ಸಾಲಿನಲ್ಲಿದ್ದ ತನ್ನ ಹೆಸರನ್ನು ತೆಗೆದು ಬಾಮೈದನ ಹೆಸರು ಹೊಡೆದ. ಮುಂದೆ ಮೂವತ್ತೊಂದು ಎಂದೇ ಹೊಡೆದು, ಲಕೋಟೆ ಅಂಟಿಸಿ ಕೊಟ್ಟ. ಜೀವಮಾನದಲ್ಲಿ ಮೊದಲ ಸಲ ಅವನು ಇನ್ನೊಬ್ಬರಿಗೆ ಕೇಡು ಬಯಸಿದ. ಅವರು ಹೋದ ಐದು ದಿನವೂ ಅವನ ಕಣ್ಣ ಮುಂದೆ ಅದೇ ಚಿತ್ರ: ಬಾಗಿಲಲ್ಲಿರುವವನು ಲಕೋಟೆ ಒಡೆಯುತ್ತಾನೆ, ಅಂಕಿಯ ಮೇಲೆ ಬೆರಳಿಡುತ್ತಾನೆ, ಬಾಮೈದ ಜೋಲುಮೋರೆ ಹಾಕಿಕೊಂಡು ಹಿಂದಿರುಗುತ್ತಾನೆ. ಆ ಚಿತ್ರ ಅವನಿಗೆ ಊಟಕ್ಕಿಂತ ರುಚಿಸಿತು.

ಅವರು ಬಿಸಿಲಿಗೆ ಕೆಂಪಾಗಿ, ನಗುನಗುತ್ತ ಮರಳಿದರು. ಬಾಮೈದನೂ ನಗುತ್ತಿದ್ದ.

"ಚೀಟಿ ಕೇಳಿದ್ರಾ ಸಾರ್?" ಎಂದು ಪೆನ್ಸಿಲಪ್ಪ ತಡೆಯಲಾರದೆ ಕೇಳಿದ.

"ಯಾವ ಚೀಟಿ? ಓ, ಅದಾ! ಲಕೋಟೆ ಒಡೀಲೇ ಇಲ್ಲ ಕಣೋ," ಎಂದು ಕಂಟ್ರಾಕ್ಟರು ಅದನ್ನು ಹಾಗೆಯೇ ಮೇಜಿನ ಮೇಲೆ ಎಸೆದರು. "ಎಷ್ಟು ಜನ ಅಂದ್ರು, ನಾಲ್ಕು ಅಂದ್ವಿ, ಆಡಿ ಅಂದ್ರು. ಇವನು ಹನ್ನೊಂದನೇ ಕುಳಿಗೆ ಹದಿನಾರು ಹೊಡೆತ ತಗೊಂಡ! ಆ ಗೋಡೆ ಇನ್ನಷ್ಟು ಬಿದ್ದಿರ್ಬೇಕು."

"ಅಂದ್ರೆ ನಿಂದು ಇಪ್ಪತ್ತೇಳಿದ್ರೂ ಆಡಬಹುದಿತ್ತು," ಎಂದು ಡಾಕ್ಟರು ಹೊಸ ವಿಷಯ ತಿಳಿದವರಂತೆ ಹುಬ್ಬೇರಿಸಿದರು. "ಸುಮ್ಮನೆ ಕೈ ಸುಟ್ಕೊಂಡೆ."

ಎಲ್ಲರೂ ನಕ್ಕರು. ಬಾಮೈದ ತನ್ನ ಆಟದ ಚೀಟಿಯನ್ನು ಮುಂದೆ ಚಾಚಿದ. "ಇಪ್ಪತ್ತನಾಲ್ಕು ಅಂತ ಹಾಕ್ಕೊಡಿ, ಪೆನ್ಸಿಲಪ್ಪ. ಕಟ್ಟು ಹಾಕಿಸಿ ಮನೆ ಗೋಡೆಗೆ ನೇತುಹಾಕ್ತೀನಿ."

ಪೆನ್ಸಿಲಪ್ಪ ಚೀಟಿಯ ಮೇಲೆ ಕಣ್ಣಾಡಿಸಿದ. ಲೆಕ್ಕ ಹಾಕಿದರೆ ಹ್ಯಾಂಡಿಕ್ಯಾಪ್ ಮೂವತ್ತನ್ನು ದಾಟುತ್ತಿತ್ತು. ಅವನು ಲೆಕ್ಕ ಹಾಕಲಿಲ್ಲ. ಇಪ್ಪತ್ತನಾಲ್ಕು ಎಂದು ದುಂಡಗೆ ಬರೆದು, ಸಹಿ ಹಾಕಿ, ಮೊಹರು ಒತ್ತಿದ. ನಂತರ ಅದೇ ವಿನಯದಿಂದ ವಕೀಲರ ಕಡೆ ತಿರುಗಿದ.

"ನಿಮ್ಮದು ಎಷ್ಟಿರಲಿ ಸಾರ್?"